ನಂಬರಪ್ಪ ಮಾಡಿದ ಅಪ್‌ಗ್ರೇಡು

ಮನೆಯ ಬಾಗಿಲಿಗೆ ನಂಬರು ಹೊಡೆಯುವುದು ಸಣ್ಣ ಕೆಲಸ ಎಂದು ಯಾರಾದರೂ ತಿಳಿದಿದ್ದರೆ ಅವರು ನಂಬರಪ್ಪನನ್ನು ಕಂಡವರಲ್ಲ. ಮುನಿಸಿಪಾಲಿಟಿಯಲ್ಲಿ ಆತನ ಹುದ್ದೆಗೆ ಏನೋ ಒಂದು ಉದ್ದನೆಯ ಹೆಸರಿತ್ತು. ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಚಲಾವಣೆಯಲ್ಲಿರಲಿಲ್ಲ. ಬೀದಿ ಬೀದಿಗೆ ಹೋಗಿ, ಯಾವ ಮನೆಗೆ ಯಾವ ನಂಬರು ಎಂದು ತೀರ್ಮಾನಿಸಿ, ನೀಲಿ ತಗಡಿನ ಫಲಕವೊಂದನ್ನು ಗೋಡೆಗೆ ಮೊಳೆ ಹೊಡೆದು ಕೂರಿಸುವುದು ಆತನ ಕೆಲಸ. ಹೀಗಾಗಿ ಊರು ಆತನನ್ನು ನಂಬರಪ್ಪ ಎಂದು ಕರೆಯಿತು. ಹೆತ್ತವರು ಇಟ್ಟ ಹೆಸರನ್ನು ಯಾರಾದರೂ ಕೂಗಿದರೆ ಆತ ತಾನೂ ಹಿಂತಿರುಗಿ ಯಾರು ಬಂದರು ಎಂದು ನೋಡುತ್ತಿದ್ದ.

ಈಚೆಗೆ ಆತ ಒಂದು ಮಹಾಕಾರ್ಯವನ್ನು ಮುಗಿಸಿದ್ದ. ಇಡೀ ಬಡಾವಣೆಯ ಹಳೆಯ ನಂಬರುಗಳನ್ನು ಕಿತ್ತು ಹೊಸ ನಂಬರು ಹಾಕಿದ್ದ. ಹಳೆಯವು ಎಡದಿಂದ ಬಲಕ್ಕೆ ಹೋಗುತ್ತಿದ್ದವು, ಹೊಸವು ಬಲದಿಂದ ಎಡಕ್ಕೆ. ಇದರಿಂದ ಊರಿಗೆ ಆದ ಉಪಕಾರವೇನು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಆತನಿಗೂ ಗೊತ್ತಿರಲಿಲ್ಲ, ಮೇಲಿನಿಂದ ಆದೇಶ ಬಂದಿತ್ತು. ಅಂದಿನಿಂದ ಬೇಕರಿಯವರ ಕಾಗದ ಶಾಲೆಯ ಹೆಡ್‌ಮಿಸ್ಸಿಗೂ ಹೆಡ್‌ಮಿಸ್ಸಿನ ಕಾಗದ ಹಲ್ಲಿನ ಡಾಕ್ಟರಿಗೂ ಹೋಗುತ್ತಿತ್ತು. ಅಂಚೆಯವನು ನಂಬರಪ್ಪನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದ.

ಆತನ ಹೆಂಡತಿ ಬೀದಿಗೆಲ್ಲ ಟೈಲರಕ್ಕ. ಮನೆಯ ಮುಂದಿನ ಕೋಣೆಯೇ ಆಕೆಯ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಗೆ ಒತ್ತಿಕೊಂಡು ಬಟ್ಟೆ ಕತ್ತರಿಸುವ ಮೇಜು, ಮೂಲೆಯಲ್ಲಿ ಕಂಪ್ಯೂಟರು. ಕಂಪ್ಯೂಟರಿನಲ್ಲಿ ಕೆಂಪು ಹಿಡಿಯ ಕತ್ತರಿಯ ಚಿತ್ರವಿದ್ದ ಒಂದು ಪ್ರೋಗ್ರಾಂ. ಅಳತೆ ಕೊಟ್ಟರೆ ತೋಳು, ಬೆನ್ನು, ಕಾಲರುಗಳು ಬಿಡಿಬಿಡಿಯಾಗಿ ಪರದೆಯ ಮೇಲೆ ಬಂದು ನಿಲ್ಲುತ್ತಿದ್ದವು. ಅದನ್ನು ಕಾಗದಕ್ಕೆ ಇಳಿಸಿ ಬಟ್ಟೆ ಕತ್ತರಿಸಿದರೆ ಒಂದು ನೂಲಿನಷ್ಟೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಇದರ ಮೇಲೆ ಟೈಲರಕ್ಕನದೇ ಒಂದು ಪದ್ಧತಿ ಇತ್ತು. ಗಿರಾಕಿಗಳಿಗೆಲ್ಲ ಪರದೆಯ ಮೇಲೆ ಒಂದೊಂದು ಶಾರ್ಟ್‌ಕಟ್ ಮಾಡಿಟ್ಟಿದ್ದಳು. ಬೇಕರಿಯಕ್ಕನಿಗೊಂದು ಪುಟ್ಟ ಚಿತ್ರ, ಹೆಡ್‌ಮಿಸ್ಸಿಗೊಂದು, ಮುನಿಸಿಪಾಲಿಟಿ ಸಾಹೇಬರ ಹೆಂಡತಿಗೊಂದು. ಚಿತ್ರದ ಕೆಳಗೆ ಹೆಸರು, ಮೂಲೆಯಲ್ಲಿ ಬಾಗಿದ ಒಂದು ಬಾಣ. ಬೇಕರಿಯಕ್ಕ ಬಾಗಿಲಲ್ಲಿ ಚಪ್ಪಲಿ ಬಿಡುವುದರೊಳಗೆ ಆಕೆಯ ಅಳತೆ ಪರದೆಯ ಮೇಲೆ ಹಾಜರಿರುತ್ತಿತ್ತು.

ಆ ಬಾಣ ಯಾಕೆ ಎಂದು ನಂಬರಪ್ಪ ಒಮ್ಮೆ ಯೋಚಿಸಿದ್ದುಂಟು. ಕಂಪನಿಯವರ ಮುದ್ರೆ ಇರಬೇಕು ಎಂದುಕೊಂಡು ಸುಮ್ಮನಾಗಿದ್ದ. ಆ ಒಂದು ಪ್ರಶ್ನೆಯನ್ನು ಆವತ್ತೇ ಹೆಂಡತಿಗೆ ಕೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಆ ವಾರ ಟೈಲರಕ್ಕನ ಪಾಲಿಗೆ ದೊಡ್ಡ ವಾರ. ಆಸ್ಪತ್ರೆಯಿಂದ ದೊಡ್ಡ ಸಿಸ್ಟರ್ ಬಂದು, ನರ್ಸುಗಳಿಗೆಲ್ಲ ಹೊಸ ಕೋಟು ಹೊಲಿಸಬೇಕು, ಮೊದಲು ನನ್ನ ಅಳತೆಗೆ ಒಂದು ಮಾದರಿ ಹೊಲಿದು ತೋರಿಸಿ ಎಂದಿದ್ದರು. ಮಂಗಳವಾರ ಸಂಜೆ ನೋಡಲು ಬರುವುದು ಎಂದು ಗೊತ್ತಾಗಿತ್ತು. ಒಪ್ಪಿಗೆಯಾದರೆ ಮುಂದಿನ ಕೋಣೆ ಸಾಲುವುದಿಲ್ಲ, ಬೀದಿಯ ತುದಿಯಲ್ಲಿ ಖಾಲಿ ಬಿದ್ದ ಮಳಿಗೆಯನ್ನು ಹಿಡಿಯಬೇಕಾಗುತ್ತದೆ. ಟೈಲರಕ್ಕ ಆ ಮಳಿಗೆಯ ಮುಂದೆ ಹೋಗುವಾಗಲೆಲ್ಲ ನಡಿಗೆ ನಿಧಾನ ಮಾಡುತ್ತಿದ್ದಳು. ಯಂತ್ರ ಎಲ್ಲಿ, ಕನ್ನಡಿ ಎಲ್ಲಿ ಎಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದಾಳೆ ಎಂಬುದು ನಂಬರಪ್ಪನಿಗೂ ಗೊತ್ತಿತ್ತು. ಕೋಟಿನ ನಕ್ಷೆಯನ್ನು ಆಕೆ ತಿದ್ದಿ ತಿದ್ದಿ ಕಂಪ್ಯೂಟರಿನಲ್ಲಿ ಸಿದ್ಧ ಮಾಡಿದ್ದಳು. ಬಟ್ಟೆ ತರುವುದೊಂದು ಬಾಕಿ ಇತ್ತು.

ಇನ್ನು ನಂಬರಪ್ಪ ಕಂಪ್ಯೂಟರ್ ಪಂಡಿತನಾದ ಬಗೆ. ಶುಕ್ರವಾರ ಆಫೀಸಿನ ಕಂಪ್ಯೂಟರುಗಳಿಗೆ ಅಪ್‌ಗ್ರೇಡು ಮಾಡಲು ಹೊರಗಿನಿಂದ ಒಬ್ಬ ತಂತ್ರಜ್ಞ ಬಂದಿದ್ದ. ಗೋಡೆಯ ಪ್ಲಗ್ಗು ಸಡಿಲವಾಗಿತ್ತು, ವೈರನ್ನು ಒಬ್ಬರು ಒತ್ತಿ ಹಿಡಿದುಕೊಂಡಿರಬೇಕಾಗಿತ್ತು. ಆ ಒಬ್ಬರು ನಂಬರಪ್ಪ. ಕೆಲಸ ಮುಗಿಸಿ ತಂತ್ರಜ್ಞ ಹೊರಟುಹೋದ. ಹಿಂದೆಯೇ ಸಾಹೇಬರು ಒಳಗೆ ಬಂದರು. ಮೇಜಿನ ಅಡಿಯಿಂದ ಬೆವರು ಒರೆಸಿಕೊಳ್ಳುತ್ತ ಎದ್ದ ನಂಬರಪ್ಪನನ್ನೂ ಫಳಫಳ ಹೊಳೆಯುವ ಹೊಸ ಪರದೆಯನ್ನೂ ನೋಡಿದರು.

"ಭೇಷ್ ಕಣ್ರೀ. ನಿಮಗೆ ಇದೂ ಬರುತ್ತೆ ಅಂತ ಗೊತ್ತೇ ಇರಲಿಲ್ಲ" ಎಂದರು.

"ಏನೋ, ನನ್ನ ಕೈಲಾದಷ್ಟು ಸಾರ್" ಎಂದ ನಂಬರಪ್ಪ.

ಇದರಲ್ಲಿ ಸುಳ್ಳೇನಿಲ್ಲ. ವೈರು ಹಿಡಿದದ್ದು ಕೈಯಿಂದಲೇ. ಆದರೆ ಹೊಗಳಿಕೆ ಹೊನ್ನಶೂಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆಫೀಸಿನಿಂದ ಮನೆಗೆ ನಡೆದು ಬರುವಷ್ಟರಲ್ಲಿ ನಂಬರಪ್ಪ ವೈರನ್ನು ಮರೆತುಬಿಟ್ಟಿದ್ದ, ಅಪ್‌ಗ್ರೇಡು ಒಂದೇ ನೆನಪಿನಲ್ಲಿ ಉಳಿದಿತ್ತು. ಶನಿವಾರ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ತಮ್ಮ ಫೋನು ಸರಿಯಾಗಿ ಕೇಳಿಸುವುದಿಲ್ಲ ಎಂದಾಗ ಆತ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ಅಪ್‌ಗ್ರೇಡ್ ಆಗಬೇಕು ಮೇಷ್ಟ್ರೇ" ಎಂದ. ಮೇಷ್ಟ್ರಿಗೆ ಕಿವಿ ಮಂದ ಎಂದು ಬೀದಿಗೆಲ್ಲ ಗೊತ್ತಿತ್ತು.

ಟೈಲರಕ್ಕನ ಕಂಪ್ಯೂಟರು ತಿಂಗಳಿನಿಂದ ದಿನವೂ "ಅಪ್‌ಗ್ರೇಡ್ ಮಾಡಲೇ? ಈಗಲೋ ಆಮೇಲೋ?" ಎಂದು ಕೇಳುತ್ತಿತ್ತು. ಆಕೆ ದಿನವೂ "ಆಮೇಲೆ" ಒತ್ತುತ್ತಿದ್ದಳು. ಭಾನುವಾರ ಬೆಳಗ್ಗೆ ತಮ್ಮನ ಬೈಕಿನಲ್ಲಿ ಬಟ್ಟೆ ತರಲು ಹೊರಟವಳು ಬಾಗಿಲಲ್ಲಿ ನಿಂತು ಗಂಡನ ಮುಖ ನೋಡಿದಳು.

"ರೀ, ಕಂಪ್ಯೂಟರ್ ತಂಟೆಗೆ ಹೋಗ್ಬೇಡಿ."

"ನಾನ್ಯಾಕೆ ಹೋಗ್ಲಿ?"

"ಮುಖ ನೋಡಿದ್ರೆ ಹೋಗೋ ಹಾಗಿದೆ, ಅದಕ್ಕೇ ಹೇಳಿದೆ."

ಇರಲಾರದವನು ಇರುವೆ ಬಿಟ್ಟುಕೊಂಡ ಎನ್ನುತ್ತಾರೆ. ಬೈಕಿನ ಸದ್ದು ತಿರುವು ದಾಟುವುದರೊಳಗೆ ನಂಬರಪ್ಪ ಕಂಪ್ಯೂಟರಿನ ಮುಂದೆ ಕೂತಿದ್ದ. ಕೆಟ್ಟ ಉದ್ದೇಶವೇನೂ ಇರಲಿಲ್ಲ. ಹೆಂಡತಿ ಬರುವಷ್ಟರಲ್ಲಿ ಎಲ್ಲ ಹೊಚ್ಚ ಹೊಸದಾಗಿರಬೇಕು, ಆಕೆ ಕಣ್ಣರಳಿಸಿ ನೋಡಬೇಕು ಎಂಬುದಷ್ಟೇ ಆತನ ಆಸೆ. ಮದುವೆಯಾದಾಗಿನಿಂದ ಆಕೆ ಆತನ ಯಾವ ಕೆಲಸಕ್ಕೂ ಕಣ್ಣರಳಿಸಿರಲಿಲ್ಲ. ಫಲಕ ಹೊಡೆಯುವುದರಲ್ಲಿ ಅಂಥದ್ದೇನೂ ಇರುವುದಿಲ್ಲವಲ್ಲ. ನೋಡಲು ಒಬ್ಬರು ಇರಲಿ ಎಂದು ಆತ ಮೇಷ್ಟ್ರನ್ನೂ ಕರೆದು ಕೂರಿಸಿಕೊಂಡ.

"ಇದರಲ್ಲಿರೋದೆಲ್ಲಾ ಹೋಗ್ಬಿಟ್ರೆ?" ಎಂದರು ಮೇಷ್ಟ್ರು.

"ಮನೆ ಬದಲಾಯಿಸುವಾಗ ಸಾಮಾನು ಮೊದಲೇ ಕಟ್ಟಿಡಲ್ವಾ ಮೇಷ್ಟ್ರೇ, ಹಾಗೆ ಇದೂನೂ."

ನಂಬರಪ್ಪ ಪರದೆಯ ಮೇಲಿನ ಪುಟ್ಟ ಚಿತ್ರಗಳನ್ನೆಲ್ಲ, ಕತ್ತರಿ, ಬೇಕರಿಯಕ್ಕ, ಹೆಡ್‌ಮಿಸ್ಸು, ದೊಡ್ಡ ಸಿಸ್ಟರ್ ಒಬ್ಬರನ್ನೂ ಬಿಡದೆ, ಒಟ್ಟಿಗೆ ಬಾಚಿ ಪೆನ್‌ಡ್ರೈವಿಗೆ ಹಾಕಿದ. ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿಯಿತು. ಪೆನ್‌ಡ್ರೈವು ಇನ್ನೂ ಹೆಚ್ಚುಕಡಿಮೆ ಖಾಲಿಯಾಗಿಯೇ ಇತ್ತು.

"ಇಷ್ಟು ಬೇಗ?" ಎಂದು ಮೇಷ್ಟ್ರು ಬೆರಗಾದರು. "ನಮ್ಮ ಮೊಮ್ಮಗಳ ಫೋಟೋಗಳೇ ಇಂಥದರಲ್ಲಿ ಹಿಡಿಸಲಿಲ್ಲವಲ್ಲ."

"ತುಂಬೋ ಕ್ರಮ ಗೊತ್ತಿರಬೇಕು ಮೇಷ್ಟ್ರೇ" ಎಂದ ನಂಬರಪ್ಪ.

ಅಪ್‌ಗ್ರೇಡು ಶುರುವಾಯಿತು. ಪರದೆಯ ನಡುವೆ ಒಂದು ಚಕ್ರ ತಿರುಗಿತು. ಮೇಷ್ಟ್ರು ಅದನ್ನು ನೋಡುತ್ತ ನೋಡುತ್ತ ಕೂತಲ್ಲೇ ನಿದ್ದೆ ಹೋದರು, ಎಚ್ಚರವಾದಾಗಲೂ ಅದು ತಿರುಗುತ್ತಲೇ ಇತ್ತು. ಕೊನೆಗೆ ಕಂಪ್ಯೂಟರು ಹೊಸ ಮುಖ ತೊಟ್ಟು ಎದ್ದು, ಈ ಯಂತ್ರ ಯಾರದ್ದು, ಹೊಸ ಹೆಸರು ಸೇರಿಸುವುದಿದೆಯೇ ಎಂದು ಕೇಳಿತು.

"ಅಕ್ಕಂದಲ್ವಾ?" ಎಂದರು ಮೇಷ್ಟ್ರು.

"ಮನೆ ಯಜಮಾನ ಯಾರು ಅಂತ ಅದು ಕೇಳ್ತಿರೋದು" ಎಂದು ನಂಬರಪ್ಪ ತನ್ನ ಹೆಸರನ್ನು ಹೊಡೆದ. ಕಂಪ್ಯೂಟರು "ಸ್ವಾಗತ ನಂಬರಪ್ಪ" ಎಂದಿತು. ಅಷ್ಟು ಮರ್ಯಾದೆಯಿಂದ ಆತನನ್ನು ಆಫೀಸಿನಲ್ಲೂ ಯಾರೂ ಕರೆದಿರಲಿಲ್ಲ. ಆತ ಆ ಎರಡು ಮಾತನ್ನು ಮೇಷ್ಟ್ರಿಗೆ ಗಟ್ಟಿಯಾಗಿ ಓದಿ ಹೇಳಿದ.

ಒಳಗೆ ಹೋಗಿ ನೋಡಿದರೆ ಒಂದು ಕಡೆ "ಟೈಲರಕ್ಕ" ಎಂಬ ಹಳೆಯ ಫೋಲ್ಡರು ಕೂತಿತ್ತು. ಯಂತ್ರ ನಂಬರಪ್ಪನದು, ಒಳಗೆ ಬೋರ್ಡು ಟೈಲರಕ್ಕನದು. ಹೊಸ ನಂಬರು ಹಾಕಿದ ಮೇಲೆ ಹಳೆಯ ಫಲಕ ಗೋಡೆಯಲ್ಲಿ ಉಳಿದರೆ ಆತನ ಕೈ ತುರಿಸುತ್ತಿತ್ತು, ಅದು ಇಪ್ಪತ್ತು ವರ್ಷದ ನೌಕರಿಯ ಗುಣ. "ಸಾಮಾನೆಲ್ಲಾ ಪೆನ್‌ಡ್ರೈವಲ್ಲಿದೆ. ಇದೇನೋ ಉಳಿದ ಕಸ ಇರಬೇಕು. ಪುರುಸೊತ್ತಾದಾಗ ಬಿಸಾಕಿದ್ರಾಯ್ತು" ಎಂದು ಅದರ ಹೆಸರನ್ನು ಅಳಿಸಿ "ಹಳೇ ಸಾಮಾನು" ಎಂದು ಬರೆದ. ಆಮೇಲೆ ಪೆನ್‌ಡ್ರೈವಿನಲ್ಲಿದ್ದ ಚಿತ್ರಗಳನ್ನು ಪರದೆಯ ಮೇಲೆ ಸುರಿದ. ಎಲ್ಲವೂ ಬಂದವು. ಹೆಸರುಗಳೂ ಇದ್ದವು. ಆದರೆ ಚಿತ್ರಗಳಿದ್ದ ಕಡೆ ಬರೀ ಬಿಳಿಯ ಕಾಗದದ ತುಂಡುಗಳು.

"ಬಿಳಚಿಕೊಂಡಿವೆಯಲ್ಲ" ಎಂದರು ಮೇಷ್ಟ್ರು.

"ಹೊಸದಲ್ವಾ. ಬಣ್ಣ ಹತ್ತೋಕೆ ಸ್ವಲ್ಪ ಹೊತ್ತು ಬೇಕು."

ಟೈಲರಕ್ಕ ಬಂದಳು. ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟು ಪರದೆ ನೋಡಿದಳು. ಕಣ್ಣು ಅರಳಿದ್ದು ನಿಜ, ನಂಬರಪ್ಪ ಬಯಸಿದ ರೀತಿಯಲ್ಲಲ್ಲ. ಕತ್ತರಿಯನ್ನು ಒತ್ತಿದಳು. ಕಂಪ್ಯೂಟರು ಒಂದು ಚೌಕದಲ್ಲಿ ಸಣ್ಣ ಅಕ್ಷರದ ಮಾತು ತೋರಿಸಿತು: ಈ ಶಾರ್ಟ್‌ಕಟ್ ತೋರಿಸುವ ವಸ್ತು ಸಿಗುತ್ತಿಲ್ಲ, ಅದರ ಜಾಗವೋ ಹೆಸರೋ ಬದಲಾಗಿದೆ, ಶಾರ್ಟ್‌ಕಟ್ಟನ್ನು ಅಳಿಸಲೇ? ಕಂಪ್ಯೂಟರು ಇದ್ದದ್ದನ್ನು ಇದ್ದ ಹಾಗೆ ಹೇಳಿತ್ತು. ಆದರೆ ನೋಟೀಸನ್ನು ಕೊನೆಯವರೆಗೆ ಓದುವವರು ಯಾರು? ಮುನಿಸಿಪಾಲಿಟಿ ಗೋಡೆಗೆ ಇಪ್ಪತ್ತು ವರ್ಷ ನೋಟೀಸು ಅಂಟಿಸಿದ ನಂಬರಪ್ಪನೂ ಓದಲಿಲ್ಲ.

"ಏನೋ ಕೇಳ್ತಿದೆ. ಹೂಂ ಅಂದುಬಿಡೋಣ, ಯಂತ್ರದ ಹತ್ರ ವಾದ ಬೇಡ" ಎಂದು ಆತ ಬೇಕರಿಯಕ್ಕನನ್ನು ಒತ್ತಿ, ಚೌಕ ಬಂದ ಕೂಡಲೇ ಹೂಂ ಎಂದ. ಬೇಕರಿಯಕ್ಕ ಪರದೆಯಿಂದ ಮಾಯವಾದಳು.

"ಮುಟ್ಬೇಡಿ ಇನ್ನು" ಎಂದಳು ಟೈಲರಕ್ಕ. ದನಿ ಏರಿಸಲಿಲ್ಲ. ಹೋಗಿ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತುಬಿಟ್ಟಳು. ಆಕೆ ಬೈದಿದ್ದರೆ ನಂಬರಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

ಭಾವಮೈದುನ ಬೈಕ್ ಮೆಕ್ಯಾನಿಕ್ಕು. ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಬಂದ. "ಭಾವ, ಪಕ್ಕದ ಮುಚ್ಚಳ ಬಿಚ್ಚಿ ಒಂದು ಸಲ ಗಾಳಿ ಹೊಡೀಲಾ?" ಎಂದ. ಹೊಡೆದ. ಕೋಣೆಯ ತುಂಬ ಧೂಳು ಎದ್ದು ಮೇಷ್ಟ್ರು ಸೀನಿದರು. ಕಂಪ್ಯೂಟರು ಮೊದಲಿನಂತೆಯೇ ಇತ್ತು. ಮಾರಿದ ಅಂಗಡಿಯವನಿಗೆ ಫೋನು ಮಾಡಿದರೆ, "ತಂದಿಟ್ಟು ಹೋಗಿ, ಒಂದು ವಾರ ಆಗುತ್ತೆ" ಎಂದ. ಅಷ್ಟರಲ್ಲಿ ಮಗನಿಂದ ಸುದ್ದಿ ತಿಳಿದ ಅತ್ತೆಯ ಫೋನು ಬಂತು.

"ಅಳಿಯಂದ್ರೇ, ನಾನು ಅವತ್ತೇ ಹೇಳಿದ್ದೆ."

"ಏನ್ ಹೇಳಿದ್ರಿ ಅತ್ತೆ?"

"ಏನೋ ಹೇಳಿದ್ದೆ, ಈಗ ನೆನಪಿಲ್ಲ. ಹೇಳಿದ್ದಂತೂ ಹೇಳಿದ್ದೆ."

ಮೇಷ್ಟ್ರಿಗೆ ಕಿವಿ ಮಂದವಾಗಿದ್ದರೂ ಬಾಯಿ ಚುರುಕಾಗಿತ್ತು. ಸಂಜೆಯ ಹೊತ್ತಿಗೆ ಸುದ್ದಿ ಬೀದಿಯ ಉದ್ದಕ್ಕೂ ಹರಡಿತು. ಮೊದಲು ಬಂದವಳು ಬೇಕರಿಯಕ್ಕ.

"ನಂಬರಪ್ಪನವರೇ, ನನ್ನನ್ನ ಅಳಿಸಿಬಿಟ್ರಂತೆ?"

"ನೀವು ಪೂರ್ತಿ ಹೋಗಿಲ್ಲ ಅಕ್ಕ, ಬರೀ..."

"ಈಗ ನನ್ನ ಅಳತೆ ಮತ್ತೆ ತಗೋಬೇಕಾ? ಅದು ಸಾಧ್ಯವಿಲ್ಲ. ಬೇಕರಿ ಶುರು ಮಾಡೋಕೆ ಮುಂಚೆ ತಗೊಂಡಿದ್ದ ಅಳತೆ ಅದು. ಅದೇ ನನ್ನ ಅಳತೆ. ಇವತ್ತಿಗೂ ಅದರಲ್ಲೇ ಹೊಲಿಸ್ತೀನಿ, ಸರಿಯಾಗಿ ಕೂರುತ್ತೆ."

ಟೈಲರಕ್ಕ ಪ್ರತಿಸಲವೂ ಅದಕ್ಕೆ ಎಷ್ಟು ಬಟ್ಟೆ ಸೇರಿಸುತ್ತಿದ್ದಳು ಎಂಬುದನ್ನು ಆಕೆಯೂ ಕೇಳಿರಲಿಲ್ಲ, ಈಕೆಯೂ ಹೇಳಿರಲಿಲ್ಲ. ಹೆಡ್‌ಮಿಸ್ಸು ಬಂದಾಗ ಅವರ ಚಿಂತೆ ಬೇರೆಯದೇ ಆಗಿತ್ತು. "ಕಳೆದುಹೋಗಿದೆ ಅಂದ್ರೆ ಎಲ್ಲಿಗೋ ಹೋಗಿರಬೇಕಲ್ಲ. ನನ್ನ ಅಳತೆ ಈಗ ಯಾರ ಹತ್ರ ಇದೆ? ಅದನ್ನ ಹೇಳಿ ಮೊದಲು." ನಂಬರಪ್ಪ ತಲೆ ಕೆರೆದುಕೊಂಡದ್ದನ್ನು ಕಂಡು ಬೀದಿ ತಾನೇ ಉತ್ತರ ಹುಡುಕಿಕೊಂಡಿತು. ಆತ ಮುನಿಸಿಪಾಲಿಟಿಯವನು, ಹಾಗಿದ್ದ ಮೇಲೆ ಹೆಂಗಸರ ಅಳತೆಯೆಲ್ಲ ಮುನಿಸಿಪಾಲಿಟಿ ಪಾಲಾಗಿದೆ. ಇನ್ನು ಮೇಲೆ ಅಗಲ ನೋಡಿ ತೆರಿಗೆ ಹಾಕುತ್ತಾರಂತೆ ಎಂದು ತರಕಾರಿ ಅಂಗಡಿಯ ಮುಂದೆ ಯಾರೋ ಹೇಳಿದರು.

ಸೋಮವಾರ ಆಫೀಸಿಗೆ ಹೋದ ಕೂಡಲೇ ಸಾಹೇಬರಿಂದ ಕರೆ ಬಂತು. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು. ಅದು ಒಳ್ಳೆಯ ಲಕ್ಷಣವಲ್ಲ.

"ಏನ್ರೀ, ನನ್ನ ಹೆಂಡತಿ ಅಳತೆ ಮುನಿಸಿಪಾಲಿಟಿಗೆ ಬಂದಿದೆಯಂತೆ?"

"ಇಲ್ಲ ಸಾರ್."

"ಮುನಿಸಿಪಾಲಿಟಿ ಅಂದ್ರೆ ಇಲ್ಲಿ ನಾನು. ನನಗೆ ಬಂದಿಲ್ಲ. ನಾನು ಹಾಗೆ ಹೇಳಿದ್ರೆ ಅವಳು ನಂಬ್ತಿಲ್ಲ. ಇವತ್ತು ಬೆಳಗ್ಗೆ ನನಗೆ ಕಾಫಿ ಸಿಕ್ಕಿಲ್ಲ."

"ತಪ್ಪಾಯ್ತು ಸಾರ್."

"ತಪ್ಪು ಆಮೇಲೆ. ಶುಕ್ರವಾರ ಇಲ್ಲಿ ಅಷ್ಟು ಚೆನ್ನಾಗಿ ಅಪ್‌ಗ್ರೇಡ್ ಮಾಡಿದ್ರಲ್ಲ, ಮನೇದು ಯಾಕೆ ಹೀಗಾಯ್ತು?"

ನಂಬರಪ್ಪ ನೆಲ ನೋಡಿದ. ಆ ನೆಲದಲ್ಲಿ ಆತನಿಗೆ ದಾರಿ ಕಾಣಲಿಲ್ಲ. "ಸಾರ್, ಶುಕ್ರವಾರ ನಾನು ಬರೀ ವೈರ್ ಹಿಡ್ಕೊಂಡಿದ್ದೆ" ಎಂದ.

ಸಾಹೇಬರು ಆತನನ್ನು ನೋಡಿದರು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು. "ನಾಳೆ ರಜ ತಗೊಳ್ಳಿ. ಮನೇಲಿದ್ದು ಹುಡುಕಿ. ಸಿಗೋವರೆಗೂ ನಿಮಗೂ ನೆಮ್ಮದಿ ಇಲ್ಲ, ನನಗೂ ಕಾಫಿ ಇಲ್ಲ" ಎಂದರು.

ಮನೆಯಲ್ಲಿ ಟೈಲರಕ್ಕ ನೆಲದ ಮೇಲೆ ಹಳೆಯ ಪತ್ರಿಕೆಗಳನ್ನು ಹರಡಿ, ಮಂಡಿಯೂರಿ, ಕೋಟಿನ ನಕ್ಷೆಯನ್ನು ನೆನಪಿನಿಂದ ಮತ್ತೆ ಬರೆಯುತ್ತಿದ್ದಳು. ಬರೆದು ಅಳಿಸಿ, ಅಳಿಸಿ ಬರೆದು, ಬೆರಳೆಲ್ಲ ಸೀಮೆಸುಣ್ಣ. ತೋಳಿನ ತಿರುವು ಮೊದಲಿನ ಹಾಗೆ ಬರುತ್ತಿರಲಿಲ್ಲ. ದೊಡ್ಡ ಸಿಸ್ಟರನ್ನು ಇನ್ನೊಮ್ಮೆ ಕರೆದು ಅಳತೆ ಕೊಡಿ ಎಂದರೆ, ಒಂದು ಅಳತೆ ಉಳಿಸಿಕೊಳ್ಳಲಾರದವಳು ಅಷ್ಟು ಕೋಟು ಹೇಗೆ ಹೊಲಿದಾಳು ಎನ್ನುವುದಿಲ್ಲವೇ? ಅದಕ್ಕೇ ಆಕೆ ಕರೆಯಲಿಲ್ಲ. ಮಂಗಳವಾರ ಬೆಳಗ್ಗೆ ಕಾಗದದ ತುಂಡುಗಳನ್ನು ಜೋಡಿಸಿ ಗುಂಡುಸೂಜಿ ಚುಚ್ಚಿ ಎದ್ದು ನಿಂತಳು.

"ಬನ್ನಿ ಇಲ್ಲಿ. ದೊಡ್ಡ ಸಿಸ್ಟರ್ ನಿಮ್ಮಷ್ಟೇ ಅಗಲ ಇದಾರೆ. ನಿಮ್ಮ ಮೇಲೆ ಹಾಕಿ ನೋಡ್ತೀನಿ."

ಎರಡು ದಿನದಲ್ಲಿ ಹೆಂಡತಿ ಆಡಿದ ಅತಿ ಉದ್ದದ ಮಾತು ಅದು. ನಂಬರಪ್ಪ ಬೆಂಕಿಯಲ್ಲಿ ನಿಲ್ಲು ಎಂದಿದ್ದರೂ ನಿಲ್ಲುತ್ತಿದ್ದ. ಪತ್ರಿಕೆಯ ಕಾಗದದಲ್ಲಿ ಮಾಡಿದ ನರ್ಸ್ ಕೋಟು ತೊಟ್ಟು, ಎರಡು ಕೈಯನ್ನೂ ಅಗಲಿಸಿ, ಉಸಿರು ಬಿಗಿಹಿಡಿದು ನಿಂತ. ಕಂಕುಳಲ್ಲಿ ಕ್ರೀಡಾ ಸುದ್ದಿ, ಬೆನ್ನ ಮೇಲೆ ಬಾಡಿಗೆ ಮನೆಗಳ ಜಾಹೀರಾತು. ಟೈಲರಕ್ಕ ಟೇಪು ಹಿಡಿದು ಭುಜ, ಎದೆ, ಹೊಟ್ಟೆ ಎಂದು ಅಳೆಯತೊಡಗಿದಳು. ಸ್ವಲ್ಪ ಅಲುಗಾಡಿದರೂ ಸೂಜಿ ಚುಚ್ಚುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಅಂಚೆಯವನು ಬಂದು ನಿಂತ. ರಸ್ತೆ ದಾಟಿ ಹೋಗುವ ತಾಳ್ಮೆಯೂ ಆವತ್ತು ಮುಗಿದುಹೋಗಿತ್ತು.

"ನಂಬರಪ್ಪನವರೇ, ಇವತ್ತು ಎರಡರಲ್ಲಿ ಒಂದು ತೀರ್ಮಾನ ಆಗ್ಲಿ" ಎಂದು ಶುರು ಮಾಡಿದವನು ಅಲ್ಲೇ ನಿಂತ. "ಏನಿದು ನಿಮ್ಮ ವೇಷ?"

"ವಿಷಯಕ್ಕೆ ಬನ್ನಿ" ಎಂದ ನಂಬರಪ್ಪ, ಕೈ ಇಳಿಸದೆ.

"ಹಲ್ಲಿನ ಡಾಕ್ಟರಿಗೆ ಅಂತ ಬಂದ ಕಾಗದ ಹಿಡ್ಕೊಂಡು ಹೋದ್ರೆ ಅಲ್ಲಿ ಯಾರೋ ಕೋಳಿ ಸಾಕಿದಾರೆ. ನಿಮ್ಮ ಹೊಸ ನಂಬರು ಬಂದ ಮೇಲೆ ಡಾಕ್ಟರು ಎಲ್ಲಿ ಹೋದ್ರೋ ಗೊತ್ತಾಗ್ತಿಲ್ಲ. ಇಡೀ ಬಡಾವಣೆನೇ ಕಳೆದು ಹಾಕಿದ್ದೀರಿ ನೀವು."

ಹೆಂಡತಿಯ ಮುಂದೆ ಸೋತನೆಂದ ಮಾತ್ರಕ್ಕೆ ಎಲ್ಲರ ಮುಂದೆಯೂ ಸೋಲಬೇಕೇ? ಕೆಲಸದ ವಿಷಯದಲ್ಲಿ ನಂಬರಪ್ಪ ಯಾರಿಗೂ ಸೊಪ್ಪು ಹಾಕುವವನಲ್ಲ. ಕಾಗದದ ಕೋಟಿನಲ್ಲೇ ಆತ ಎದೆ ಸೆಟೆಸಿದ.

"ಸ್ವಲ್ಪ ಯೋಚನೆ ಮಾಡಿ ಮಾತಾಡಿ. ಡಾಕ್ಟರು ಎಲ್ಲೂ ಹೋಗಿಲ್ಲ. ಅವರ ಮನೆ ಇದ್ದಲ್ಲೇ ಇದೆ, ಕುರ್ಚಿ ಇದೆ, ಇಕ್ಕಳ ಇದೆ, ಬಾಯಿ ತೆಗೆದು ಕೂತಿರೋರೂ ಇದಾರೆ. ಫಲಕ ಅಂದ್ರೆ ಮನೆ ಅಲ್ಲ ಕಣ್ರೀ. ಅದು ಬರೀ ದಾರಿ ತೋರಿಸೋ ತಗಡು. ನಾವು ಹೆಸರು ಬದಲಾಯಿಸಿದ್ದೀವಿ, ನೀವು ಹಳೇ ಗುರುತು ಹಿಡ್ಕೊಂಡು ಹುಡುಕ್ತಿದ್ದೀರಿ, ಸಿಗಲಿಲ್ಲ ಅಂದ್ರೆ ಮನೇನೇ ಇಲ್ಲ ಅಂತಲ್ಲ. ಇವತ್ತು ಹಳೇ ನಂಬರು ಹಾಕಿದ್ರೆ ಇವತ್ತೇ..."

ಮಾತು ಅಲ್ಲಿಗೆ ನಿಂತಿತು. ಬಾಯಿ ತೆರೆದೇ ಇತ್ತು, ಕೈಗಳು ಅಗಲಿಸಿಯೇ ಇದ್ದವು. ಮೂಲೆಯಲ್ಲಿ ಕಂಪ್ಯೂಟರು ಬೆಳಗುತ್ತಿತ್ತು, ಬಿಳಿಯ ಕಾಗದದ ತುಂಡುಗಳ ಮೇಲೆ ಆ ಬಾಗಿದ ಬಾಣಗಳೆಲ್ಲ ಎಲ್ಲಿಗೋ ದಾರಿ ತೋರಿಸುತ್ತಿದ್ದವು.

"ಏನೇ," ಎಂದ ನಂಬರಪ್ಪ ಮೆಲ್ಲಗೆ, "ಆ ಬಾಣ ಯಾಕೆ ಇರೋದು?"

"ಯಾವ ಬಾಣ?"

"ಚಿತ್ರದ ಮೂಲೇಲಿ."

"ಅಳತೆ ಇರೋದು ಬೇರೆ ಕಡೆ, ಇದು ಬರೀ ಅಲ್ಲಿಗೆ ಕರ್ಕೊಂಡು ಹೋಗುತ್ತೆ ಅಂತ. ಶಾರ್ಟ್‌ಕಟ್ ಅಂದ್ರೆ ಅಷ್ಟೇ ಅಲ್ವಾ" ಎಂದಳು ಟೈಲರಕ್ಕ.

ಊರಿನ ಫಲಕಗಳನ್ನೆಲ್ಲ ಕಿತ್ತು ಚೀಲಕ್ಕೆ ತುಂಬಿಕೊಂಡು, ಊರನ್ನೇ ಹೊತ್ತು ತಂದೆ ಎನ್ನುವವನ ಹಾಗೆ ತಾನು ಮೇಷ್ಟ್ರ ಮುಂದೆ ಮೆರೆದದ್ದು ನಂಬರಪ್ಪನಿಗೆ ಹೊಳೆಯಿತು. ಆಮೇಲೆ ಊರಿನ ಹೆಸರನ್ನೂ ತಾನೇ ಬದಲಾಯಿಸಿದ್ದ. ಪೆನ್‌ಡ್ರೈವೆಂಬ ಆ ಚೀಲ ಯಾಕೆ ಹಗುರವಾಗಿತ್ತು ಎಂಬುದೂ ತಿಳಿಯಿತು. ಆತ ಕಂಪ್ಯೂಟರಿನ ಕಡೆಗೆ ಓಡಿದ. ಕ್ರೀಡಾ ಸುದ್ದಿ ಹರಿಯಿತು, ಸೂಜಿಗಳು ಕಂಡ ಕಂಡಲ್ಲಿ ಚುಚ್ಚಿದವು, ಆತನಿಗೆ ಒಂದರ ಪರಿವೆಯೂ ಇರಲಿಲ್ಲ. ಫೋಲ್ಡರನ್ನು ತೆರೆದ. ಒಳಗೆ ಎಲ್ಲ ಇತ್ತು. ಕತ್ತರಿಯ ಪ್ರೋಗ್ರಾಂ, ಹೆಡ್‌ಮಿಸ್ಸು, ಸಾಹೇಬರ ಹೆಂಡತಿ, ದೊಡ್ಡ ಸಿಸ್ಟರಿನ ಕೋಟು, ಅಳಿಸಿಹೋದ ಬೇಕರಿಯಕ್ಕನೂ ಅದೇ ಹಳೆಯ ಸೊಂಟದೊಂದಿಗೆ ಆರಾಮವಾಗಿ ಕೂತಿದ್ದಳು. ಒಂದು ಅಳತೆಯೂ ಕಳೆದಿರಲಿಲ್ಲ.

ಟೈಲರಕ್ಕ ಹಿಂದೆ ಬಂದು ನಿಂತಿದ್ದಳು. ಆಕೆಯ ಕಣ್ಣು ಫೋಲ್ಡರಿನ ಮೇಲಿದ್ದ ಹೆಸರಿನ ಮೇಲೆ ನಿಂತಿತು.

"ಹಳೇ ಸಾಮಾನು. ಇದೇನು?"

"ಅದು..." ಎಂದ ನಂಬರಪ್ಪ. "ಅದು ನೀನೇ."

"ನಾನಾ?"

"ಮುಂಚೆ ಟೈಲರಕ್ಕ ಅಂತ ಇತ್ತು. ಭಾನುವಾರ ಹೆಸರು ಬದಲಾಯಿಸಿದೆ. ಹೊಸದು ಬಂತಲ್ಲ ಅಂತ. ಮನಸ್ಸಲ್ಲಿ ಏನೂ ಇರಲಿಲ್ಲ."

"ಪುರುಸೊತ್ತಾದಾಗ ಬಿಸಾಕ್ತೀನಿ ಅಂದಿದ್ರಿ" ಎಂದು ಕಿಟಕಿಯ ಆಚೆಯಿಂದ ಮೇಷ್ಟ್ರು ನೆನಪಿಸಿದರು. ಬೇಕಾದಾಗ ಅವರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು.

ಅಂಚೆಯವನು ಚೀಲವನ್ನು ಇಳಿಸಿ ಸ್ಟೂಲು ಎಳೆದುಕೊಂಡು ಕೂತ. ಡಾಕ್ಟರ ಕಾಗದಕ್ಕೆ ಅವಸರವೇನೂ ಇರಲಿಲ್ಲ.

ನಂಬರಪ್ಪ ಒಂದೊಂದೇ ಅಕ್ಷರ ಹುಡುಕಿ ಒತ್ತಿ, "ಹಳೇ ಸಾಮಾನು" ಅಳಿಸಿ "ಟೈಲರಕ್ಕ" ಎಂದು ಬರೆದ. ತಪ್ಪಾಗಿಲ್ಲ ತಾನೇ ಎಂದು ಹೆಂಡತಿಯ ಮುಖ ನೋಡಿ ಆಮೇಲೆ ಗುಂಡಿ ಒತ್ತಿದ. ಪರದೆಯ ಮೇಲೆ ಮೊದಲು ಕತ್ತರಿಗೆ ಕೆಂಪು ಹಿಡಿ ಬಂತು. ಆಮೇಲೆ ಒಬ್ಬೊಬ್ಬರೇ ಗಿರಾಕಿಗಳಿಗೆ ಬಣ್ಣ ಹತ್ತಿತು. ಟೈಲರಕ್ಕ ಆತನ ಭುಜದ ಮೇಲಿಂದ ಕೈ ಚಾಚಿ ದೊಡ್ಡ ಸಿಸ್ಟರನ್ನು ಒತ್ತಿದಳು. ತೋಳು, ಬೆನ್ನು, ಕಾಲರು ಬಂದು ನಿಂತವು, ತೋಳಿನ ತಿರುವು ಆಕೆ ಬರೆದಿಟ್ಟ ಹಾಗೆಯೇ ಇತ್ತು. ಆಕೆ ಆತನ ಬೆನ್ನಿನಲ್ಲಿ ಸಿಕ್ಕಿಕೊಂಡಿದ್ದ ಸೂಜಿಯನ್ನು ತೆಗೆದಳು.

"ಅಯ್ಯೋ, ರಕ್ತ ಬಂದಿದೆ. ಹೇಳಬಾರದಾ?"

"ಹೇಳೋ ಮುಖ ಎಲ್ಲಿತ್ತು?" ಎಂದ ನಂಬರಪ್ಪ.

ಕಂಪ್ಯೂಟರಿನ ಯಜಮಾನಿಕೆಯನ್ನು ಆತ ಆಗಲೇ ಬಿಟ್ಟುಕೊಟ್ಟ. ಅದು ಮತ್ತೆ ಟೈಲರಕ್ಕನಿಗೆ ಸ್ವಾಗತ ಹೇಳತೊಡಗಿತು. ಬೇಕರಿಯಕ್ಕನಿಗೆ ಹೊಸ ಶಾರ್ಟ್‌ಕಟ್ ಮಾಡಿದ್ದು ಆತನೇ. ಬಾಣ ಸರಿಯಾದ ಕಡೆಗೆ ತೋರಿಸುತ್ತದೆಯೇ ಎಂದು ಒತ್ತಿ ಒತ್ತಿ ನೋಡಿದ. ಆಕೆ ಬಂದು, "ಅದೇ ಅಳತೆ ತಾನೇ?" ಎಂದು ಕೇಳಿದಳು. "ಅದೇ ಅಕ್ಕ, ಒಂದು ನೂಲೂ ಆಚೀಚೆ ಆಗಿಲ್ಲ" ಎಂದಳು ಟೈಲರಕ್ಕ ಗಂಭೀರವಾಗಿ. ಸಾಹೇಬರಿಗೆ ಕಾಫಿ ಮತ್ತೆ ಶುರುವಾಯಿತು. ಅಂಚೆಯವನು ಕೇಳಿದ್ದಕ್ಕೆ ನಂಬರಪ್ಪ ಹೊಸ ಫಲಕದ ಕೆಳಗೆ ಹಳೆಯ ನಂಬರನ್ನೂ ಸಣ್ಣದಾಗಿ ಬರೆದುಕೊಂಡು ಬಂದ. ಆದೇಶ ಮೇಲಿನಿಂದ ಬಂದಿರಲಿಲ್ಲ, ಆದರೂ ಬರೆದ.

ಆ ಮಂಗಳವಾರ ಟೈಲರಕ್ಕ ಮಧ್ಯಾಹ್ನವೆಲ್ಲ ಕೂತು ಕೋಟು ಹೊಲಿದು ಮುಗಿಸಿದಳು. ಸಂಜೆ ದೊಡ್ಡ ಸಿಸ್ಟರ್ ಬಂದು ಅದನ್ನು ತೊಟ್ಟು, ಎರಡೂ ಕೈ ಮೇಲೆತ್ತಿ, ಬಗ್ಗಿ, ತಿರುಗಿ ನೋಡಿದರು. "ಎಲ್ಲೂ ಹಿಡಿಯಲ್ಲವಲ್ಲಮ್ಮ" ಎಂದು ಅಲ್ಲೇ ಒಪ್ಪಿದರು. ಅವರು ಹೋದ ಮೇಲೆ ಟೈಲರಕ್ಕ ಬೀದಿಯ ತುದಿಯ ಮಳಿಗೆಯವರೆಗೆ ನಡೆದು ಹೋಗಿ ಬಂದಳು. ಈ ಸಲ ಅದರ ಮುಂದೆ ನಿಧಾನ ಮಾಡಲಿಲ್ಲ, ನಿಂತೇಬಿಟ್ಟಳು.

ಮಳಿಗೆಗೆ ಸಾಮಾನು ಸಾಗಿಸಿದ ದಿನ ನಂಬರಪ್ಪ ತಾನೇ ಏಣಿ ಹತ್ತಿ ಫಲಕ ಹೊಡೆದ. ಮುನಿಸಿಪಾಲಿಟಿಯ ನಂಬರು ಅಂಗೈಯಗಲ, ಅದರ ಮೇಲೆ "ಟೈಲರಕ್ಕ" ಎಂಬ ಅಕ್ಷರಗಳು ಮೊಳದುದ್ದ. ಕೆಳಗಿಳಿದು ಒಳಗೆ ಬಂದರೆ ಹೆಂಡತಿ ಕಂಪ್ಯೂಟರನ್ನು ಜೋಡಿಸಿ ಹೊತ್ತಿಸಿದ್ದಳು. ಪರದೆಯ ಮೇಲೆ ಗಿರಾಕಿಗಳ ಸಾಲು. ಆ ಸಾಲಿನ ಮೊಟ್ಟಮೊದಲಿಗೆ, ಕತ್ತರಿಗೂ ಮುಂಚೆ, ಮೊದಲು ಇರದಿದ್ದ ಒಂದು ಚಿತ್ರ ಕೂತಿತ್ತು. ಅದರ ಕೆಳಗೆ "ಹಳೇ ಸಾಮಾನು" ಎಂದಿತ್ತು.

ನಂಬರಪ್ಪ ಎರಡೂ ಕೈ ಮೇಲೆತ್ತಿದ. "ನಾನು ಮುಟ್ಟಿಲ್ಲ ಕಣೇ. ನಿನ್ನಾಣೆಗೂ ಮುಟ್ಟಿಲ್ಲ."

"ಗೊತ್ತು, ನಾನೇ ಮಾಡಿದ್ದು. ಒತ್ತಿ ನೋಡಿ."

ಆತ ಅಳುಕುತ್ತ ಒತ್ತಿದ. ಒಂದು ಅಂಗಿಯ ನಕ್ಷೆ ಬಂದು ನಿಂತಿತು. ಕುತ್ತಿಗೆ, ಭುಜ, ಎದೆ, ಹೊಟ್ಟೆಯ ಹತ್ತಿರ ಕೇಳದೆಯೇ ಸೇರಿಸಿದ ಒಂದಿಷ್ಟು ಬಟ್ಟೆ. ಕಾಗದದ ಕೋಟು ತೊಡಿಸಿ ನಿಲ್ಲಿಸಿದ ದಿನ ಆಕೆ ಸುಮ್ಮನೆ ಟೇಪು ಹಿಡಿದಿರಲಿಲ್ಲ. ಊರಿನವರಿಗೆಲ್ಲ ಹೊಲಿದವಳ ಪರದೆಯ ಮೇಲೆ ಇಷ್ಟು ವರ್ಷ ತನ್ನದೊಂದು ಚಿತ್ರ ಇರಲಿಲ್ಲ ಎಂಬುದು ನಂಬರಪ್ಪನಿಗೆ ಆಗಲೇ ತೋಚಿದ್ದು.

"ಹೆಸರು ಬದಲಾಯಿಸ್ಲಾ?" ಎಂದು ಕೇಳಿದ.

"ಮುಟ್ಟಿದ್ರೆ ನೋಡಿ" ಎಂದಳು ಟೈಲರಕ್ಕ, ಬಟ್ಟೆಯನ್ನು ಮೇಜಿನ ಮೇಲೆ ಹಾಸುತ್ತ. "ಆಮೇಲೆ ನಾನು ಎಲ್ಲಿ ಅಂತ ಹುಡುಕ್ಲಿ ನಿಮ್ಮನ್ನ?"